ಕೆಸರಿಗೆ ಅಗಲವಾದ ಟೈರ್ ಬೇಕಾ?

"ಹೊಸದಾಗಿ ಥಾರ್ ತಗೊಂಡೆ ಸರ್. ಸಕಲೇಶಪುರದ ಹತ್ತಿರ ತೋಟ ಇದೆ. ಮಳೆಗಾಲದಲ್ಲಿ ಗೇಟಿನಿಂದ ಮನೆವರೆಗೂ ಕೆಸರು. ಎಂಟಿ ಟೈರ್ ಹಾಕಿಸಲಾ, ಎಟಿ ಹಾಕಿಸಲಾ? ಎಷ್ಟು ಅಗಲದ್ದು ಕೂರುತ್ತೆ?"

ಗಾಡಿ ಬದಲಾಗುತ್ತದೆ, ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಒಮ್ಮೆ ಜಿಮ್ನಿ, ಇನ್ನೊಮ್ಮೆ ಗೂರ್ಖಾ. ಮೇ ಕೊನೆಗೆ ಮೋಡ ಕಟ್ಟಿದರೆ ಸಾಕು, ಶುರುವಾಗುತ್ತದೆ. ಪ್ರತಿ ಸಲ ಎರಡು ಸಾಲಲ್ಲಿ ಉತ್ತರ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ. ಎಂಟಿ ಅಂದರೆ ಮಡ್ ಟೆರೇನ್, ಕೆಸರಿಗೆಂದೇ ಮಾಡಿದ ಟೈರ್. ಎಟಿ ಅಂದರೆ ಆಲ್ ಟೆರೇನ್, ಡಾಂಬರಿಗೂ ಕಚ್ಚಾ ದಾರಿಗೂ ಆಗುವಂಥದ್ದು.

ಮೊದಲು ಉತ್ತರ. ಬೆಂಗಳೂರಿನಿಂದ ವಾರಕ್ಕೊಮ್ಮೆ ತೋಟಕ್ಕೆ ಹೋಗಿ ಬರುವವರು ಕಂಪನಿ ಕೊಟ್ಟ ಸೈಜಿನಲ್ಲೇ ಒಳ್ಳೆಯ ಎಟಿ ಹಾಕಿಸಿ. ಗಾಳಿ ನೋಡುವ ಗೇಜ್ ಒಂದು, 12 ವೋಲ್ಟಿನ ಪಂಪ್ ಒಂದು ಗಾಡಿಯಲ್ಲಿಡಿ. ಅಷ್ಟೇ.

ಇಷ್ಟು ಹೇಳಿದ ಕೂಡಲೇ ಬರುವ ಮಾತು ಗೊತ್ತು. "ಅಗಲ ಜಾಸ್ತಿ ಆದಷ್ಟೂ ನೆಲ ಜಾಸ್ತಿ ಹಿಡಿಯುತ್ತೆ ಅಲ್ವಾ ಸರ್? ಹೂತುಕೊಳ್ಳಲ್ಲ ಅಲ್ವಾ?" ಟೈರ್ ಅಂಗಡಿಯಲ್ಲೂ ಇದನ್ನೇ ಹೇಳುತ್ತಾರೆ, ಗೆಳೆಯರೂ ಇದನ್ನೇ ಹೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ.

ಜನ, ಸಾಮಾನು ಸೇರಿ ಥಾರ್ ಸುಮಾರು 2000 ಕಿಲೋ ಅಂತಿಟ್ಟುಕೊಳ್ಳಿ. ಒಂದು ಚಕ್ರದ ಮೇಲೆ 500 ಕಿಲೋ. ಟೈರಿನಲ್ಲಿ 28 ಪಿಎಸ್‌ಐ ಗಾಳಿ ಇದೆ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ 2 ಕಿಲೋ ಒತ್ತಡ. 500 ಕಿಲೋ ಹೊರಲು ಎಷ್ಟು ಜಾಗ ಬೇಕು? 250 ಚದರ ಸೆಂಟಿಮೀಟರ್. ನಿಮ್ಮ ಎರಡು ಹಸ್ತಗಳನ್ನು ಪಕ್ಕಪಕ್ಕ ಇಟ್ಟರೆ ಆಗುವುದಕ್ಕಿಂತ ಸ್ವಲ್ಪ ಕಡಿಮೆ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ, ಗಮನಿಸಿ. ಭಾರ ಇದೆ, ಗಾಳಿ ಇದೆ, ಅಗಲ ಇಲ್ಲ.

ಹಾಗಾದರೆ ಅಗಲದ ಟೈರ್ ಹಾಕಿದಾಗ ಬದಲಾಗುವುದೇನು? ನೆಲ ಮುಟ್ಟುವ ಜಾಗದ ಆಕಾರ. ನೆಲಕ್ಕೆ ತಾಗುವ ಅಗಲ 20 ಸೆಂಟಿಮೀಟರ್ ಇದ್ದರೆ ಉದ್ದ 12.5 ಬರುತ್ತದೆ. ಅಗಲ 25 ಮಾಡಿದರೆ ಉದ್ದ 10ಕ್ಕೆ ಇಳಿಯುತ್ತದೆ. ಜಾಗ ಅಷ್ಟೇ. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಲೆಕ್ಕ ಆಚೀಚೆ ಆಗುತ್ತದೆ, ಆದರೆ ಕಥೆ ಬದಲಾಗುವುದಿಲ್ಲ.

ಈಗ ಅದೇ ಹಳೇ ಟೈರಿನಲ್ಲಿ ಗಾಳಿ 18ಕ್ಕೆ ಇಳಿಸಿ. ನೆಲ ಹಿಡಿಯುವ ಜಾಗ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹೆಚ್ಚುವುದು ಮುಖ್ಯವಾಗಿ ಉದ್ದದಲ್ಲಿ. ನಾಲ್ಕು ಅಗಲ ಟೈರಿಗೆ ಸುರಿಯುವ ದುಡ್ಡಿನಿಂದ ಸಿಗದದ್ದು ಐದು ನಿಮಿಷ ಗಾಳಿ ಬಿಟ್ಟರೆ ಸಿಗುತ್ತದೆ. ಈ ಮಾತು ಹೇಳಿದಾಗಲೆಲ್ಲ ಜನ ನಂಬುವುದಿಲ್ಲ. ದಯವಿಟ್ಟು ಒಮ್ಮೆ ಮಾಡಿ ನೋಡಿ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ಸುತ್ತ ಸುಣ್ಣದ ಪುಡಿ ಚೆಲ್ಲಿ, ಗಾಳಿ ಇಳಿಸಿ, ಮತ್ತೆ ಚೆಲ್ಲಿ. ಗಾಡಿ ಸರಿಸಿದ ಮೇಲೆ ಕಣ್ಣಿಗೇ ಕಾಣುತ್ತದೆ.

ಉದ್ದ ಯಾಕೆ ಒಳ್ಳೆಯದು ಅಂತ ಗದ್ದೆ ಮಾಡಿದವರಿಗೆ ಹೇಳಬೇಕಿಲ್ಲ. ಮಟ್ಟ ಮಾಡುವ ಹಲಗೆಯನ್ನು ಕೆಸರಲ್ಲಿ ಅಡ್ಡ ಎಳೆದರೆ ಎತ್ತಿಗೆ ಉಸಿರು ಕಟ್ಟುತ್ತದೆ. ಅದೇ ಹಲಗೆಯನ್ನು ಉದ್ದಕ್ಕೆ ಎಳೆದರೆ ಜಾರಿಕೊಂಡು ಹೋಗುತ್ತದೆ. ಅಗಲ ಟೈರ್ ಅಡ್ಡ ಹಲಗೆ. ತನ್ನ ಮುಂದೆ ಕೆಸರಿನ ಗುಡ್ಡೆ ಮಾಡಿಕೊಂಡು, ಅದನ್ನು ತಾನೇ ತಳ್ಳುತ್ತಾ ಹೋಗಬೇಕು. ಇಂಜಿನ್ನಿನ ಶಕ್ತಿ ಅಲ್ಲೇ ಮುಗಿಯುತ್ತದೆ.

ಮಲೆನಾಡಿನ ದಾರಿಯ ಗುಣವೂ ಬೇರೆ. ತೋಟದ ದಾರಿಗೆ ಹಿಂದಿನವರು ಸೋಲಿಂಗ್ ಕಲ್ಲು ಹಾಕಿಸಿರುತ್ತಾರೆ. ಇಲ್ಲದಿದ್ದರೂ ನಾಲ್ಕೈದು ಇಂಚು ಕೆಳಗೆ ಗಟ್ಟಿ ಜಂಬಿಟ್ಟಿಗೆ ಸಿಗುವ ಕಡೆ ಜಾಸ್ತಿ. ಕೆಸರು ಇರುವುದು ಮೇಲೆ ಮಾತ್ರ. ಕಿರಿದಾದ ಟೈರ್ ಆ ಕೆಸರನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಮೇಲೆ ಹಾಕಿದ್ದು ಗಟ್ಟಿ ನೆಲದ ಲೆಕ್ಕ; ಮೆತ್ತನೆ ಕೆಸರಲ್ಲಿ ಸ್ವಲ್ಪ ಹೂತ ಕೂಡಲೇ ಅಗಲದ್ದಕ್ಕೆ ಜಾಗ ಜಾಸ್ತಿ ಸಿಗುತ್ತದೆ, ಹಾಗಾಗಿ ಅದು ಮೇಲೆಯೇ ತೇಲಿ ಪಕ್ಕಕ್ಕೆ ಜಾರುತ್ತದೆ, ಸೀದಾ ಚರಂಡಿಗೆ. ಹಳೇ ವಿಲ್ಲೀಸ್ ಜೀಪಿನ ಟೈರ್ ಸೈಜು 6.00-16. ಆರೇ ಇಂಚು ಅಗಲ. ಅಂಥ ಜೀಪುಗಳು ಆಷಾಢದ ಮಳೆಯಲ್ಲಿ ಕಾಫಿ ಮೂಟೆ, ಮೆಣಸಿನ ಮೂಟೆ, ಹೆರಿಗೆಗೆ ಹೊರಟವರು, ಎಲ್ಲರನ್ನೂ ದಾಟಿಸಿವೆ. ನಾನು ಡ್ರೈವಿಂಗ್ ಕಲಿತದ್ದೂ ಅಂಥ ಜೀಪಿನಲ್ಲಿಯೇ.

ಅಗಲ ಬೇಕಾದ ಜಾಗಗಳೂ ಇವೆ. ಜೈಸಲ್ಮೇರಿನ ಮರಳಿನಲ್ಲಿ ಕೆಳಗೆ ಗಟ್ಟಿ ನೆಲವೇ ಸಿಗುವುದಿಲ್ಲ, ಅಲ್ಲಿ ತೇಲಲೇಬೇಕು. ತಳವಿಲ್ಲದ ಜೌಗಿನಲ್ಲೂ ಹಾಗೇ. ಆದರೆ ಅಲ್ಲಿಯೂ ಮೊದಲ ಕೆಲಸ ಗಾಳಿ ಇಳಿಸುವುದು. ಇನ್ನು ಗದಗ, ವಿಜಯಪುರದ ಎರೆಮಣ್ಣಿನ ವಿಷಯ ಬೇರೆ. ಮಳೆ ಬಂದ ಮೇಲೆ ಅದು ಟೈರಿನ ಮೇಲಿನ ರಬ್ಬರ್ ಉಬ್ಬುಗಳ, ಅಂದರೆ ಬಟನ್‌ಗಳ ಸಂದಿಗೆ ಮೆತ್ತಿಕೊಂಡು ಯಾವ ಟೈರನ್ನಾದರೂ ನುಣ್ಣಗೆ ಮಾಡಿಬಿಡುತ್ತದೆ. ಅಲ್ಲಿ ಅರ್ಧ ದಿನ ಬಿಸಿಲಿಗೆ ಕಾಯುವುದೇ ಜಾಣತನ.

ಇನ್ನು ಎಂಟಿ, ಎಟಿ. ಎಂಟಿಯಲ್ಲಿ ಬಟನ್ ದಪ್ಪ, ಸಂದಿ ಅಗಲ. ಚಕ್ರ ತಿರುಗಿದಾಗ ಕೆಸರನ್ನು ಆಚೆ ಎಸೆಯುತ್ತದೆ. ಕೆಸರಿನಲ್ಲಿ ಅದನ್ನು ಮೀರಿಸುವುದು ಇಲ್ಲ, ಒಪ್ಪುತ್ತೇನೆ. ಆದರೆ ಒದ್ದೆ ಡಾಂಬರಿನ ಮೇಲೆ ತಾಗುವ ರಬ್ಬರ್ ಕಡಿಮೆ. ನೀರನ್ನು ಒರೆಸಿ ರಸ್ತೆ ಹಿಡಿಯುವ ಸಣ್ಣ ಸೀಳುಗಳೂ ಕಡಿಮೆ. ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವುದು ತಡ. ಬೆಂಗಳೂರಿಂದ ಸಕಲೇಶಪುರಕ್ಕೆ ಹೆಚ್ಚುಕಮ್ಮಿ 220 ಕಿಲೋಮೀಟರ್. ಹೋಗಿ ಬಂದರೆ 440. ಅದರಲ್ಲಿ ಕೆಸರು ಎಷ್ಟು? ಎರಡು, ಮೂರು ಕಿಲೋಮೀಟರ್. ಉಳಿದದ್ದು ಲಾರಿ, ಬಸ್ಸುಗಳ ನಡುವೆ ಒದ್ದೆ ಹೈವೇ. ಮನೆಯವರನ್ನು ಕೂರಿಸಿಕೊಂಡು ಆ 437 ಕಿಲೋಮೀಟರ್ ಓಡಿಸುವ ಟೈರ್ ಯಾವುದು ಅಂತ ಮೊದಲು ಯೋಚಿಸಿ. ಸದ್ದು, ಬೇಗ ಸವೆಯುವುದು, ಡೀಸೆಲ್ ಜಾಸ್ತಿ ಕುಡಿಯುವುದು ಆಮೇಲಿನ ಮಾತು. ತೋಟದಲ್ಲೇ ಇರುವವರು, ಡಾಂಬರು ಅಪರೂಪಕ್ಕೆ ಕಾಣುವವರು ಧಾರಾಳವಾಗಿ ಎಂಟಿ ಹಾಕಿಸಿ.

ಜುಲೈ, ಆಗಸ್ಟಿನಲ್ಲಿ ಎಟಿಗೂ ಆಗದ ಏರು ಇದ್ದರೆ ಟೈರಿಗೆ ಚೈನ್ ಕಟ್ಟಿ. ನಮ್ಮ ಕಡೆ ಪಿಕಪ್‌ಗಳು ಇವತ್ತಿಗೂ ಅದನ್ನೇ ಮಾಡುತ್ತವೆ. ಡಾಂಬರು ಬಂದ ಕೂಡಲೇ ಬಿಚ್ಚಿ.

ಗಾಳಿ ಇಳಿಸುವವರಿಗೆ ಒಂದು ಎಚ್ಚರಿಕೆ. ಮಾಮೂಲಿ ಡಿಸ್ಕಿನಲ್ಲಿ, ಅಂದರೆ ಟೈರ್ ಕೂರುವ ರಿಮ್ಮಿನಲ್ಲಿ, 15ಕ್ಕಿಂತ ಕೆಳಗೆ ಹೋಗಬೇಡಿ. ಜೋರಾಗಿ ಸ್ಟೇರಿಂಗ್ ತಿರುಗಿಸಿದರೆ ಟೈರ್ ಡಿಸ್ಕಿನಿಂದ ಕಳಚಿಕೊಳ್ಳುತ್ತದೆ. ಇಳಿಸಿದ ಮೇಲೆ ನಿಧಾನ ಓಡಿಸಿ. ಡಾಂಬರು ಹತ್ತುವ ಮುಂಚೆ ಮತ್ತೆ ತುಂಬಿಸಿ, ಇಲ್ಲದಿದ್ದರೆ ಟೈರ್ ಬಿಸಿಯಾಗಿ ಸಿಡಿಯಬಹುದು. ಪಂಪ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ತೋಟದ ಗೇಟಿನ ಹತ್ತಿರ ಪಂಕ್ಚರ್ ಅಂಗಡಿ ಇರುವುದಿಲ್ಲವಲ್ಲ.

ಯಾರೂ ಕೇಳದ ಒಂದು ವಿಷಯವನ್ನು ನಾನಾಗಿಯೇ ಹೇಳುತ್ತೇನೆ. ಸ್ಟೆಪ್ನಿ. ನಾಲ್ಕು ಹೊಸ ದೊಡ್ಡ ಟೈರ್ ಹಾಕಿಸಿ, ಹಿಂದಿನ ಬಾಗಿಲಿನ ಮೇಲೆ ಹಳೇ ಸೈಜಿನದ್ದನ್ನೇ ನೇತುಹಾಕಿಕೊಂಡು ಓಡಾಡುವವರನ್ನು ಬಹಳ ನೋಡಿದ್ದೇನೆ. 245/75 ಆರ್ 16 ಸೈಜಿನ ಟೈರಿನ ಎತ್ತರ ಸುಮಾರು 774 ಮಿಲಿಮೀಟರ್. 265/75 ಆರ್ 16 ಆದರೆ 804. ಎರಡೂ ಬೆರೆತರೆ ಒಂದು ಚಕ್ರ ಬೇಗ ತಿರುಗುತ್ತದೆ, ಇನ್ನೊಂದು ನಿಧಾನ. ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಈ ವ್ಯತ್ಯಾಸ ಹೋಗಲು ಚಕ್ರ ಜಾರುವುದೊಂದೇ ದಾರಿ. ಚಕ್ರ ನೆಲ ಹಿಡಿದರೆ ಗೇರುಗಳೇ ತಡೆದುಕೊಳ್ಳಬೇಕು. ಪಂಕ್ಚರ್ ಆಗುವುದು ಕಾಡುದಾರಿಯಲ್ಲಿ, ಫೋರ್‌ವೀಲ್ ಬೇಕಾಗುವುದೂ ಅಲ್ಲೇ. ಆದ್ದರಿಂದ ಟೈರ್ ಕೊಳ್ಳುವುದಾದರೆ ಐದು ಕೊಳ್ಳಿ, ನಾಲ್ಕಲ್ಲ.

ತಯಾರಾದ ದಿನವನ್ನೂ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಅಂದರೆ 2024ರ 23ನೇ ವಾರ. ಒಂದು ಅಂಗಡಿಯಲ್ಲಿ ನನಗೆ ಮೂರು ವರ್ಷ ಗೋಡೌನಿನಲ್ಲಿದ್ದ ಟೈರನ್ನು ಹೊಸ ಸ್ಟಾಕ್ ಅಂತ ಕೊಟ್ಟಿದ್ದರು. ಆ ಅಂಕಿ ನಾನು ಓದಿದ್ದು ಮನೆಗೆ ಬಂದ ಮೇಲೆ. ನೀವು ಬಿಲ್ ಆಗುವ ಮುಂಚೆ ಓದಿ, ಐದೂ ಟೈರಿನದ್ದು.

ಸ್ಟೆಪ್ನಿಯ ಗಾಳಿಯನ್ನು ತಿಂಗಳಿಗೊಮ್ಮೆ ನೋಡಿ. ಉಳಿದ ಟೈರುಗಳಿಗಿಂತ ನಾಲ್ಕೈದು ಪಿಎಸ್‌ಐ ಜಾಸ್ತಿಯೇ ಇಟ್ಟಿರಿ. ಮಳೆಯಲ್ಲಿ ನೆನೆಯುತ್ತಾ ಚಕ್ರ ಬದಲಿಸುವಾಗ ಗಾಳಿ ತುಂಬುವುದಕ್ಕಿಂತ ಬಿಡುವುದು ಸುಲಭ.