ವಾಟರ್ ಕೂಲಿಂಗ್ ಆರಿಸುವಾಗ ಮೊದಲು ರೇಡಿಯೇಟರ್ ನೋಡಿ

ಕಂಪ್ಯೂಟರಿಗೆ ಕಸ್ಟಮ್ ವಾಟರ್ ಕೂಲಿಂಗ್, ಅಂದರೆ ಬಿಡಿ ಭಾಗಗಳನ್ನು ಜೋಡಿಸಿ ನೀರು ಸುತ್ತಿಸಿ ಬಿಸಿ ಇಳಿಸುವ ವ್ಯವಸ್ಥೆ, ಮಾಡಿಸಬೇಕೆಂದು ನನ್ನ ಬಳಿ ಬರುವವರು ಮೊದಲು ಕೇಳುವುದು, "ಯಾವ ವಾಟರ್ ಬ್ಲಾಕ್ ತಗೊಳ್ಳಲಿ ಸಾರ್?" ಅಂತ. ನಾನು ತಿರುಗಿ ಕೇಳುವುದು, "ನಿಮ್ಮ ಕೇಸ್‌ನಲ್ಲಿ ಎಷ್ಟು ದೊಡ್ಡ ರೇಡಿಯೇಟರ್ ಹಿಡಿಯುತ್ತೆ?"

ವಾಟರ್ ಬ್ಲಾಕ್ ಅಂದರೆ ಪ್ರೊಸೆಸರ್ ಮೇಲೆ ಕೂರುವ, ಒಳಗೆ ನೀರು ಹರಿಯುವ ಲೋಹದ ತುಂಡು. ನೀರಿನ ಕೆಲಸ ಅಲ್ಲಿಂದ ಬಿಸಿಯನ್ನು ಹೊತ್ತುಕೊಂಡು ಹೋಗುವುದು. ಆ ಬಿಸಿಯನ್ನು ಗಾಳಿಗೆ ಬಿಡುವುದು ರೇಡಿಯೇಟರ್. ಅದು ಚಿಕ್ಕದಾಯಿತೋ, ಬ್ಲಾಕ್ ಎಷ್ಟು ಒಳ್ಳೆಯದಿದ್ದರೂ ನೀರು ಬಿಸಿಯಾಗುತ್ತಲೇ ಹೋಗುತ್ತದೆ, ಫ್ಯಾನುಗಳು ಜೋರಾಗಿ ತಿರುಗಲೇಬೇಕಾಗುತ್ತದೆ. ಇಂಟೆಲ್‌ನ ಕೋರ್ ಐ9-13900ಕೆ ಪ್ರೊಸೆಸರ್ ಪೂರ್ತಿ ಕೆಲಸದಲ್ಲಿದ್ದಾಗ 253 ವ್ಯಾಟ್‌ವರೆಗೆ ಎಳೆಯುತ್ತದೆ. ಅಂಥದ್ದಕ್ಕೆ ನಾನು 360 ಮಿ.ಮೀ. (120 ಮಿ.ಮೀ.ನ ಮೂರು ಫ್ಯಾನ್ ಕೂರುವ) ರೇಡಿಯೇಟರ್‌ಗಿಂತ ಕಡಿಮೆ ಹಾಕುವುದಿಲ್ಲ. ಗ್ರಾಫಿಕ್ಸ್ ಕಾರ್ಡನ್ನೂ ಅದೇ ನೀರಿಗೆ ಸೇರಿಸುವುದಾದರೆ ಇನ್ನೊಂದು ರೇಡಿಯೇಟರ್ ಬೇಕು. ದಪ್ಪ ರೇಡಿಯೇಟರ್ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಫ್ಯಾನ್ ನಿಧಾನವಾಗಿ ತಿರುಗುವಾಗ ದಪ್ಪದಿಂದ ಸಿಗುವ ಲಾಭ ಕಡಿಮೆ. ಅಗಲ, ಉದ್ದ ಜಾಸ್ತಿ ಇರಲಿ. 30 ಮಿ.ಮೀ. ದಪ್ಪದ ರೇಡಿಯೇಟರ್‌ಗೆ 25 ಮಿ.ಮೀ. ದಪ್ಪದ ಫ್ಯಾನ್ ಸೇರಿದರೇ 55 ಮಿ.ಮೀ. ಆಯಿತು. ಇಷ್ಟು ಜಾಗ ರ‍್ಯಾಮ್‌ಗೂ ಮದರ್‌ಬೋರ್ಡ್ ಹೀಟ್‌ಸಿಂಕ್‌ಗೂ ತಾಗದಂತೆ ಸಿಗುತ್ತದಾ ಅಂತ ಸ್ಕೇಲ್ ಇಟ್ಟು ನೋಡಿ, ಆಮೇಲೆ ಕೊಳ್ಳಿ.

ಈಗ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಇಲ್ಲೇ ತುಂಬ ಜನರಿಗೆ ನಿರಾಸೆಯಾಗುವುದು. ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಪ್ರೊಸೆಸರ್ 90 ಡಿಗ್ರಿ ತೋರಿಸಬಹುದು. ಎಎಂಡಿಯ ರೈಜನ್ 9 7950ಎಕ್ಸ್ 95 ಡಿಗ್ರಿಯವರೆಗೆ ಹೋಗಿ ಕೆಲಸ ಮಾಡುವಂತೆಯೇ ರೂಪಿಸಿದ ಚಿಪ್. ಅದರ ಬಿಸಿಯಲ್ಲಿ ಹೆಚ್ಚಿನ ಪಾಲು ಉಗುರಿನಷ್ಟು ಚಿಕ್ಕ ಎರಡು ತುಂಡುಗಳಿಂದ ಬರುತ್ತದೆ. ಮೇಲಿನ ಲೋಹದ ಮುಚ್ಚಳ, ಅದಕ್ಕೂ ಬ್ಲಾಕಿಗೂ ನಡುವೆ ಹಚ್ಚುವ ಪೇಸ್ಟ್, ಬ್ಲಾಕ್ ಎಲ್ಲ ದಾಟಿ ಅದು ನೀರಿಗೆ ಬರಬೇಕು. ತಡೆ ಇರುವುದು ಆ ದಾರಿಯಲ್ಲಿ. ನೀರು ತಣ್ಣಗೇ ಇರುತ್ತದೆ, ಚಿಪ್ ಸುಡುತ್ತಿರುತ್ತದೆ. ನೀರಿನಿಂದ ನಿಮಗೆ ಸಿಗುವುದು ಬೇರೆ: ಅದೇ ಡಿಗ್ರಿಯಲ್ಲಿ ಸ್ವಲ್ಪ ಹೆಚ್ಚು ವೇಗ, ಮತ್ತು ಕಡಿಮೆ ಶಬ್ದದ ಕೆಲಸ. ಆ ಶಾಂತಿ ಬೇಕು ಅನ್ನುವವರಿಗೆ ನಾನು ಖುಷಿಯಿಂದ ಜೋಡಿಸಿಕೊಡುತ್ತೇನೆ. 65 ವ್ಯಾಟ್‌ನ ಪ್ರೊಸೆಸರ್ ಇಟ್ಟುಕೊಂಡು ಬಂದವರಿಗೆ ಪ್ರೊಸೆಸರ್ ಮೇಲೆ ಕೂರುವ ಒಳ್ಳೆಯ ಫ್ಯಾನಿನ ಕೂಲರ್ ಹಾಕಿಸಿಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ.

ಫ್ಯಾನ್ ವೇಗವನ್ನು ಪ್ರೊಸೆಸರ್ ಬಿಸಿಗೆ ಕಟ್ಟಬೇಡಿ. ಅದು ಕ್ಷಣಕ್ಷಣಕ್ಕೂ ಏರಿ ಇಳಿಯುತ್ತದೆ, ಫ್ಯಾನೂ ಹಾಗೇ ಕೂಗಿ ಸುಮ್ಮನಾಗುತ್ತಿರುತ್ತದೆ. ನೀರಿಗೆ ಬಿಸಿ ಅಳೆಯುವ ಒಂದು ಸೆನ್ಸರ್ ಹಾಕಿ, ಅದರ ಮೇಲೆ ಫ್ಯಾನ್ ನಡೆಯಲಿ.

ನೀರು ಸುತ್ತುವ ದಾರಿಯಲ್ಲಿ ಬ್ಲಾಕ್, ರೇಡಿಯೇಟರ್, ಪಂಪ್ ಯಾವುದಾದ ಮೇಲೆ ಯಾವುದು ಬರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮಿಷಕ್ಕೆ 3-4 ಲೀಟರ್ ಹರಿಯುವಾಗ 250 ವ್ಯಾಟ್ ಬಿಸಿ ಸೇರಿದರೂ ಬ್ಲಾಕ್ ದಾಟಿದ ನೀರು ಏರುವುದು ಸುಮಾರು 1 ಡಿಗ್ರಿ. ರಿಸರ್ವಾಯರ್‌ನಿಂದ (ನೀರು ತುಂಬಿಸುವ ಚಿಕ್ಕ ತೊಟ್ಟಿಯಿಂದ) ನೀರು ನೇರ ಪಂಪಿಗೆ ಇಳಿಯುವಂತಿದ್ದರೆ ಸಾಕು. ಪಂಪ್ ಒಣಗಿ ಓಡಬಾರದು, ಅದೊಂದೇ ಕಡ್ಡಾಯ. ವಾಟರ್ ಕೂಲಿಂಗ್‌ನಲ್ಲಿ ಹೆಚ್ಚಾಗಿ ಬಳಸುವ ಡಿ5 ಮಾದರಿಯ ಪಂಪ್ ಒಂದು ಪ್ರೊಸೆಸರ್ ಇರುವ ವ್ಯವಸ್ಥೆಗೆ ಧಾರಾಳ.

ಲೋಹದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಒಮ್ಮೆ ಬೇರೆ ಕಡೆ ಜೋಡಿಸಿದ್ದ ಕಂಪ್ಯೂಟರ್ ರಿಪೇರಿಗೆ ಬಂತು. ರೇಡಿಯೇಟರ್ ಅಲ್ಯೂಮಿನಿಯಂನದು, ಬ್ಲಾಕ್ ತಾಮ್ರದ್ದು. ಎರಡೂ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಬ್ಲಾಕ್ ಬಿಚ್ಚಿದರೆ ಕೂದಲೆಳೆಯಂಥ ಅದರ ಸಂದುಗಳ ತುಂಬ ಬೂದು ಕೆಸರು. ಹುಡುಗ ಕೂಡಿಟ್ಟ ದುಡ್ಡಿನಲ್ಲಿ ಮಾಡಿಸಿದ್ದು, ನನಗೂ ಹೊಟ್ಟೆ ಉರಿಯಿತು. ತಾಮ್ರ, ಹಿತ್ತಾಳೆ, ನಿಕಲ್ ಲೇಪ ಒಟ್ಟಿಗಿರಬಹುದು. ಅಲ್ಯೂಮಿನಿಯಂ ಅವುಗಳ ಜೊತೆ ಬೇಡ. ಹಾಲಿನಂತೆ ಗಟ್ಟಿ ಬಣ್ಣ ಕಾಣುವ ಕೂಲಂಟನ್ನೂ (ನೀರಿನ ಜಾಗದಲ್ಲಿ ತುಂಬಿಸುವ ದ್ರವವನ್ನೂ) ನಾನು ಹಾಕುವುದಿಲ್ಲ, ಅದರೊಳಗಿನ ಕಣಗಳು ಇದೇ ಸಂದುಗಳಲ್ಲಿ ಕೂರುತ್ತವೆ. ತುಕ್ಕು ಮತ್ತು ಪಾಚಿ ತಡೆಯುವ ಔಷಧಿ ಸೇರಿದ ತಿಳಿ ಕೂಲಂಟ್ ಸಾಕು.

ಮೊದಲ ಸಲ ಮಾಡುವವರು ಮೆತ್ತನೆ ಪೈಪನ್ನೇ ತಗೊಳ್ಳಿ. ಗಾಜಿನಂತೆ ಹೊಳೆಯುವ ಗಟ್ಟಿ ಪೈಪ್ ಚೆಂದ, ನಿಜ. ಆದರೆ ಬಗ್ಗಿಸುವುದು, ಅಳತೆಗೆ ಕತ್ತರಿಸುವುದು ಕೈ ಪಳಗಿದ ಮೇಲಿನ ಕೆಲಸ. ಯಾವ ಪೈಪೇ ಇರಲಿ, ಎಲ್ಲಕ್ಕಿಂತ ತಗ್ಗಿನಲ್ಲಿ ಒಂದು ನಲ್ಲಿ ಇಡಿ. ವರ್ಷಕ್ಕೊಮ್ಮೆ ನೀರು ಬದಲಿಸುವಾಗ ಆ ನಲ್ಲಿ ಇಲ್ಲದಿದ್ದರೆ ಇಡೀ ಕಂಪ್ಯೂಟರನ್ನು ಎತ್ತಿ ಬಗ್ಗಿಸಿ ಸುರಿಯಬೇಕು.

ನೀರು ತುಂಬಿದ ದಿನ ಅವಸರ ಮಾಡಬೇಡಿ. ಪವರ್ ಸಪ್ಲೈನಿಂದ ಮದರ್‌ಬೋರ್ಡ್‌, ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ವೈರುಗಳನ್ನೆಲ್ಲ ಬಿಚ್ಚಿ, ಪವರ್ ಸಪ್ಲೈನ 24 ಪಿನ್ ಕನೆಕ್ಟರ್‌ಗೆ ಜಂಪರ್ (ಬೋರ್ಡ್ ಇಲ್ಲದೆಯೂ ಪವರ್ ಸಪ್ಲೈ ಆನ್ ಆಗುವಂತೆ ಮಾಡುವ ಚಿಕ್ಕ ಪ್ಲಗ್) ಹಾಕಿ, ಪಂಪ್ ಒಂದನ್ನೇ ಓಡಿಸಿ. ಪೈಪ್ ಸೇರುವ ಪ್ರತಿ ಫಿಟ್ಟಿಂಗ್ ಕೆಳಗೆ ಟಿಶ್ಯೂ ಇಡಿ. ಆಗಾಗ ಬಂದು ಮುಟ್ಟಿ ನೋಡಿ. ಮರುದಿನವೂ ಎಲ್ಲ ಟಿಶ್ಯೂ ಒಣಗಿದ್ದರೆ ಬೋರ್ಡಿಗೆ ಕರೆಂಟ್ ಕೊಡಿ.