ತಟ್ಟೆಯ ಮಾಂಸ ಹೋಯಿತು, ತಲೆಗೆ ದಿಂಬು ಬಂತು

ಮಧ್ಯಯುಗದ ಯುರೋಪ್ ಅಂದರೆ ಹಸಿವು, ಕೊಳಕು, ಕತ್ತಲು. ಆಮೇಲೆ ಕಾಲ ಕಳೆದ ಹಾಗೆ ಎಲ್ಲರ ಬದುಕೂ ಸುಧಾರಿಸಿತು. ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಕೂತಿರುವುದು ಇಷ್ಟೇ. ಇಂಗ್ಲೆಂಡಿನ ಕೂಲಿಯಾಳಿನ ಊಟ ನೋಡಿದರೆ ಕಥೆ ಬೇರೆ.

ನಾರ್ಫೋಕ್‌ನ ಸೆಡ್ಜ್‌ಫೋರ್ಡ್ ಹಳ್ಳಿಯಲ್ಲಿ ನಾರ್ವಿಚ್ ಮಠದ ಜಮೀನಿತ್ತು. ಸುಗ್ಗಿಯ ಆಳುಗಳಿಗೆ ಮಠದವರೇ ಊಟ ಹಾಕುತ್ತಿದ್ದರು. ಆ ಲೆಕ್ಕ ಇಂದಿಗೂ ಉಳಿದಿದೆ. 13ನೇ ಶತಮಾನದಲ್ಲಿ ಬಾರ್ಲಿ ಬ್ರೆಡ್, ಜೊತೆಗೆ ಚೀಸ್. ಮಾಂಸ ಬರೀ ನೆಪಕ್ಕೆ. 1424ರ ಹೊತ್ತಿಗೆ ಗೋಧಿ ಬ್ರೆಡ್, ಧಾರಾಳವಾಗಿ ಏಲ್ ಎಂಬ ಬಿಯರ್, ಎರಡು ಪೌಂಡ್ ಬ್ರೆಡ್ಡಿಗೆ ಹೆಚ್ಚುಕಡಿಮೆ ಒಂದು ಪೌಂಡ್ ಮಾಂಸ!

ನಡುವೆ ಬಂದದ್ದು ಪ್ಲೇಗ್. 1348ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟು ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನರನ್ನು ನುಂಗಿತು. ಹೊಲ ಇತ್ತು, ಆಳು ಸಿಗುತ್ತಿರಲಿಲ್ಲ. ಕೂಲಿ ಏರಿತು. ಪ್ಲೇಗಿಗೆ ಮುಂಚಿನ ಕೂಲಿಗೇ ದುಡಿಯಬೇಕು ಅಂತ 1351ರಲ್ಲಿ ಕಾನೂನು ಬಂತು, ದಂಡವನ್ನೂ ಹಾಕಿದರು, ಆದರೂ ಏರಿಕೆ ನಿಲ್ಲಲಿಲ್ಲ. 1363ರಲ್ಲಿ ಹೊಲದಾಳು ಅಗ್ಗದ ಒರಟು ಬಟ್ಟೆಯನ್ನೇ ತೊಡಬೇಕೆಂದು ಇನ್ನೊಂದು ಕಾನೂನು. ಆಳುಗಳು ಒಳ್ಳೆ ಬಟ್ಟೆ ತೊಡಲು ಶುರು ಮಾಡದಿದ್ದರೆ ಇದು ಯಾಕೆ ಬೇಕಿತ್ತು, ಅಲ್ವಾ?

16ನೇ ಶತಮಾನದಲ್ಲಿ ಎಲ್ಲ ತಿರುಗುಮುರುಗಾಯಿತು. 1520ರ ಸುಮಾರಿಗೆ 25 ಲಕ್ಷದಷ್ಟಿದ್ದ ಜನಸಂಖ್ಯೆ 1600ಕ್ಕೆ 40 ಲಕ್ಷ ದಾಟಿತು. ಧಾನ್ಯದ ಬೆಲೆ ಏರಿದಷ್ಟು ಕೂಲಿ ಏರಲಿಲ್ಲ. ಕಟ್ಟಡದ ಕೆಲಸಗಾರನ ದಿನಗೂಲಿಗೆ ಸಿಗುವ ದಿನಸಿ ಅವನ ಮುತ್ತಜ್ಜನ ಕಾಲದ ಅರ್ಧದಷ್ಟಕ್ಕೆ ಇಳಿಯಿತು. 1594ರಿಂದ 1597ರವರೆಗೆ ಸಾಲಾಗಿ ಬೆಳೆ ಕೈಕೊಟ್ಟಾಗ ಉತ್ತರದ ಕಡೆ ಜನ ಹಸಿವಿನಿಂದಲೇ ಸತ್ತರು.

ಮನೆಯೊಳಗಿನ ಸಾಮಾನು ಮಾತ್ರ ಇದೇ ಹೊತ್ತಿನಲ್ಲಿ ಹೆಚ್ಚುತ್ತಿತ್ತು. ಎಸೆಕ್ಸ್‌ನ ಪಾದ್ರಿ ವಿಲಿಯಂ ಹ್ಯಾರಿಸನ್ ತನ್ನೂರಿನ ಮುದುಕರ ಮಾತನ್ನು 1577ರಲ್ಲಿ ಬರೆದಿಟ್ಟಿದ್ದಾನೆ. ಅವರ ಕಣ್ಣೆದುರೇ ಮೂರು ಬದಲಾವಣೆ ಆಗಿದ್ದವು: ಮನೆಮನೆಗೆ ಚಿಮಣಿ, ಒಳ್ಳೆ ಹಾಸಿಗೆ, ಮರದ ತಟ್ಟೆ ಹೋಗಿ ತವರದ ತಟ್ಟೆ. ಮುಂಚೆ ಹುಲ್ಲಿನ ಮೇಲೆ ಮಲಗಿ ತಲೆಯಡಿ ಮರದ ದಿಮ್ಮಿ ಇಟ್ಟುಕೊಳ್ಳುತ್ತಿದ್ದರು. ದಿಂಬು ಬಾಣಂತಿಯರಿಗೆ ಮಾತ್ರ ಅನ್ನುತ್ತಿದ್ದರಂತೆ.

ಎರಡೂ ನಿಜ. ಸ್ವಂತ ಹೊಲ ಇದ್ದವನು ಧಾನ್ಯ ಮಾರಿ ಚಿಮಣಿ ಕಟ್ಟಿಸಿದ. ಕೂಲಿಯವನು ಅದೇ ಧಾನ್ಯವನ್ನು ಕೊಂಡು ತಿನ್ನಬೇಕಿತ್ತು. ಇವರಿಬ್ಬರನ್ನೂ ಸೇರಿಸಿ ತೆಗೆದ ಸರಾಸರಿಯನ್ನು ನಾನಂತೂ ನಂಬುವುದಿಲ್ಲ. ದಿಂಬಿನ ಮಾತು ಹೇಳಿದ ಅದೇ ಮುದುಕರು ಹ್ಯಾರಿಸನ್ ಹತ್ತಿರ ಮೂರು ಸಂಕಟಗಳನ್ನೂ ತೋಡಿಕೊಂಡಿದ್ದರು: ಏರುತ್ತಿರುವ ಗೇಣಿ, ಒಕ್ಕಲುಗಳ ಮೇಲೆ ಒಡೆಯರ ದಬ್ಬಾಳಿಕೆ, ಮತ್ತೆ ಬಡ್ಡಿ.