ಎಟಿಸಿ ಇಳಿ ಅಂತು, ಡಬ್ಬಿ ಹತ್ತು ಅಂತು

ಕಳೆದ ವಾರ ಮಲ್ಲೇಶ್ವರದಿಂದ ನಮ್ಮತ್ತಿಗೆ ಫೋನ್ ಮಾಡಿದ್ರು. ಡೆಲ್ಲಿಯಿಂದ ವಾಪಸ್ ಬರ್ತಾ, ಬೆಂಗಳೂರು ಇನ್ನೇನು ಇಪ್ಪತ್ತು ನಿಮಿಷ ಅನ್ನೋವಾಗ, ನೆಟ್ಟಗೆ ಇಳೀತಿದ್ದ ವಿಮಾನ ಸಡನ್ನಾಗಿ ಮೇಲಕ್ಕೆ ಎದ್ದುಬಿಡ್ತಂತೆ, ಹೊಟ್ಟೇಲಿ ಒಂಥರಾ ಆಯ್ತಂತೆ, ಒಂದರ್ಧ ನಿಮಿಷ ಬಿಟ್ಟು ಮತ್ತೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಇಳಿಯೋಕೆ ಶುರು. "ಅಲ್ಲಪ್ಪಾ, ನಿಮ್ಮೋರಿಗೆ ಮೈಕಲ್ಲಿ ಒಂದು ಮಾತು ಹೇಳೋಕೆ ಏನು ಕಷ್ಟ?" ಅಂತ ನನ್ನ ಮೇಲೆ ರೇಗಿದ್ರು, ನಾನೇ ಓಡಿಸ್ತಿದ್ದೆ ಅನ್ನೋ ಥರ. ಕೇಳಿದ ತಕ್ಷಣ ನಂಗೆ ಹೊಳೆದಿದ್ದು ಟೀಕ್ಯಾಸ್, ಅಂದ್ರೆ ಎರಡು ವಿಮಾನ ಡಿಕ್ಕಿ ಆಗದ ಹಾಗೆ ಪೈಲಟ್‌ಗೆ ಕೂಗಿ ಹೇಳೋ ಡಬ್ಬಿ. ಸಿಮ್ಯುಲೇಟರಲ್ಲಿ ಪೈಲಟ್ ಹುಡುಗರಿಗೆ ಇದನ್ನ ಕಲಿಸೋದೇ ನನ್ನ ಕೆಲಸ ಆಗಿರೋದ್ರಿಂದ ಅತ್ತಿಗೆಗೆ ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೀತಿದೀನಿ.

ಪ್ರತಿ ದೊಡ್ಡ ವಿಮಾನದಲ್ಲೂ ಟ್ರಾನ್ಸ್‌ಪಾಂಡರ್ ಅಂತ ಇರುತ್ತೆ. ಟೀಕ್ಯಾಸ್ ಡಬ್ಬಿ 1030 ಮೆಗಾಹರ್ಟ್ಸ್‌ನಲ್ಲಿ "ಯಾರಪ್ಪಾ ಅಲ್ಲಿ" ಅಂತ ಕೂಗುತ್ತೆ, ಸುತ್ತ ಇರೋ ವಿಮಾನಗಳ ಟ್ರಾನ್ಸ್‌ಪಾಂಡರ್ 1090ರಲ್ಲಿ ಉತ್ತರ ಕೊಡ್ತವೆ, ಉತ್ತರ ಬರೋಕೆ ಎಷ್ಟು ಹೊತ್ತಾಯ್ತು ಅನ್ನೋದ್ರಿಂದ ದೂರ ಗೊತ್ತಾಗುತ್ತೆ, ಎತ್ತರ ಆ ಉತ್ತರದಲ್ಲೇ ಇರುತ್ತೆ. ಆದ್ರೆ ಡಬ್ಬಿ ಲೆಕ್ಕ ಹಾಕೋದು ಮುಖ್ಯವಾಗಿ ಕಿಲೋಮೀಟರ್ ಅಲ್ಲ, ಸೆಕೆಂಡು. ಹೆಬ್ಬಾಳ ಫ್ಲೈಓವರ್ ಮೇಲೆ ನಿಮ್ಮ ಮುಂದೆ ಅದೇ ಸ್ಪೀಡಲ್ಲಿ ಹೋಗ್ತಿರೋ ಬಸ್ಸು ಹತ್ತು ಮೀಟರ್ ದೂರ ಇದ್ರೂ ಭಯ ಇಲ್ಲ, ಒನ್‌ವೇನಲ್ಲಿ ಎದುರಿಗೆ ನುಗ್ಗೋ ಸ್ಕೂಟರ್ ಐವತ್ತು ಮೀಟರ್ ದೂರ ಇದ್ರೂ ಎದೆ ಝಲ್ ಅನ್ನುತ್ತಲ್ಲ, ಅದೇ ಲೆಕ್ಕ. ಎದುರುಬದುರು ಬರೋ ಎರಡು ಜೆಟ್ಟುಗಳು ಗಂಟೆಗೆ 1,600 ಕಿಲೋಮೀಟರ್ ಮೇಲೆ ಹತ್ತಿರ ಆಗ್ತಿರ್ತವೆ, ಇಪ್ಪತ್ತೈದು ಸೆಕೆಂಡಲ್ಲಿ ಹನ್ನೊಂದು ಕಿಲೋಮೀಟರ್ ಖಾಲಿ.

ಮೊದಲು ಬರೋದು ಟಿಎ (ಟ್ರಾಫಿಕ್ ಅಡ್ವೈಸರಿ, ಬರೀ ಎಚ್ಚರಿಕೆ), "ಟ್ರಾಫಿಕ್, ಟ್ರಾಫಿಕ್" ಅಂತ ಒಂದು ದನಿ. ಎಷ್ಟು ಮುಂಚೆ ಅನ್ನೋದು ವಿಮಾನ ಇರೋ ಎತ್ತರದ ಮೇಲೆ ಹೋಗುತ್ತೆ, ಡಿಕ್ಕಿ ಆಗಬಹುದಾದ ಹೊತ್ತಿಗೆ 20ರಿಂದ 48 ಸೆಕೆಂಡ್ ಮುಂಚೆ. ಆಗ ಮಾಡ್ಬೇಕಾದ್ದು ಏನೂ ಇಲ್ಲ, ಕೈ ಕಂಟ್ರೋಲ್ ಮೇಲೆ ಇಟ್ಕೊಂಡು ರೆಡಿ ಇರ್ಬೇಕು ಅಷ್ಟೇ. ಟಿಎ ಕೇಳಿ ತಿರುಗಿಸೋಕೆ ಹೋಗೋರು ಇದಾರೆ, ತಪ್ಪು. ಇನ್ನೂ ಹತ್ತಿರ ಆದ್ರೆ, 15ರಿಂದ 35 ಸೆಕೆಂಡ್ ಬಾಕಿ ಇದ್ದಾಗ, ಆರ್‌ಎ (ರೆಸಲ್ಯೂಷನ್ ಅಡ್ವೈಸರಿ, ತಪ್ಪಿಸ್ಕೊಳ್ಳೋಕೆ ಆರ್ಡರ್): "ಕ್ಲೈಂಬ್, ಕ್ಲೈಂಬ್" ಅಥವಾ "ಡಿಸೆಂಡ್, ಡಿಸೆಂಡ್". ಐದು ಸೆಕೆಂಡ್ ಒಳಗೆ ಆಟೋಪೈಲಟ್ ತೆಗೆದು, ಸ್ಕ್ರೀನಲ್ಲಿ ಕೆಂಪು ಬಿಟ್ಟು ಹಸಿರು ಇರೋ ಕಡೆ ಹೋಗ್ಬೇಕು. ಎ380, ಎ350 ಥರದ ವಿಮಾನದಲ್ಲಿ ಆಟೋಪೈಲಟ್ಟೇ ಇದನ್ನ ಮಾಡುತ್ತೆ, ಉಳಿದ ಬಹುಪಾಲು ಕಡೆ ಇನ್ನೂ ಕೈಯಲ್ಲೇ.

ಇಲ್ಲೇ ಹುಡುಗರು ಎಡವೋದು. ಹೆದರಿ ಸ್ಟಿಕ್ಕನ್ನ ಹೊಟ್ಟೆಗೆ ಎಳ್ಕೋತಾರೆ. ಬೇಕಾಗಿರೋದು ಕಾಲು ಜೀ (ಭೂಮಿಯ ಸೆಳೆತದ ಕಾಲು ಭಾಗ) ಅಷ್ಟು ಎಳೆತ, ನಿಮಿಷಕ್ಕೆ 1,500 ಅಡಿ, ನೀಟಾಗಿ ಮಾಡಿದ್ರೆ ಕಪ್ಪಲ್ಲಿರೋ ಕಾಫಿ ಚೆಲ್ಲಲ್ಲ. ಜೋರಾಗಿ ಎಳೆದ್ರೆ ಹಿಂದೆ ಟ್ರಾಲಿ ತಳ್ತಿರೋ ಹುಡುಗಿ ನೆಲಕ್ಕೆ ಕುಸೀತಾಳೆ, ಮೇಲೆ ಸಾವಿರ ಅಡೀಲಿ ಇನ್ನೊಂದು ವಿಮಾನ ಹೋಗ್ತಿದ್ರೆ ಅದರ ಡಬ್ಬೀನೂ ಕಿರುಚೋಕೆ ಶುರು ಮಾಡುತ್ತೆ.

ಆದ್ರೆ ನಿಜವಾದ ಕಷ್ಟ ಕೈಯದ್ದಲ್ಲ, ಕಿವಿಯದ್ದು. ನಾನು ಸಿಮ್ಯುಲೇಟರಲ್ಲಿ ಹಿಂದಿನ ಸೀಟಲ್ಲಿ ಕೂತು ಎಟಿಸಿ (ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್) ಪಾರ್ಟ್ ಮಾಡ್ತೀನಿ, ಬೇಕಂತಲೇ ಡಬ್ಬಿ "ಕ್ಲೈಂಬ್" ಅನ್ನೋ ಹೊತ್ತಿಗೆ ಸರಿಯಾಗಿ ಗಟ್ಟಿ ದನೀಲಿ "ಡಿಸೆಂಡ್ ಇಮ್ಮೀಡಿಯೇಟ್ಲಿ" ಅಂತೀನಿ. ನೂರು ಸಲ ಪುಸ್ತಕ ಓದಿರೋನೂ ಒಂದೆರಡು ಸೆಕೆಂಡ್ ಕಲ್ಲಾಗ್ತಾನೆ. ಒಬ್ಬ ಹುಡುಗ ಇಳಿಸೇಬಿಟ್ಟ, ಆಮೇಲೆ "ಸರ್, ನೀವೇ ಹೇಳಿದ್ರಲ್ಲ" ಅಂದ. ತಪ್ಪು ಅವನೊಬ್ಬನದ್ದಲ್ಲ, ಟೇಕಾಫಿಂದ ಲ್ಯಾಂಡಿಂಗ್ ತನಕ ಆ ದನಿ ಹೇಳಿದ್ದನ್ನ ಮೀರಬಾರದು ಅಂತ ನಾವೇ ಕಲಿಸಿರ್ತೀವಿ, ವರ್ಷಕ್ಕೋ ಎರಡು ವರ್ಷಕ್ಕೋ ಒಂದ್ಸಲ ಬರೋ ಮೂವತ್ತು ಸೆಕೆಂಡಿಗೆ ಮಾತ್ರ ಮೀರು ಅಂತೀವಿ.

ಮೀರದೇ ಇದ್ರೆ ಏನಾಗುತ್ತೆ ಅಂದ್ರೆ, 2002 ಜುಲೈ 1ರ ರಾತ್ರಿ, ಜರ್ಮನಿಯ ಯೂಬರ್ಲಿಂಗನ್ ಊರಿನ ಮೇಲೆ. ರಷ್ಯಾದ ಟುಪೊಲೆವ್ ಒಂದು, ಡಿಎಚ್‌ಎಲ್ ಕಾರ್ಗೋ ಬೋಯಿಂಗ್ 757 ಒಂದು, ಎರಡೂ 36,000 ಅಡೀಲಿ. ಜ್ಯೂರಿಕ್‌ನಲ್ಲಿ ಕಂಟ್ರೋಲರ್ ಒಬ್ಬರೇ ಎರಡು ಸ್ಕ್ರೀನ್ ನೋಡ್ತಿದ್ರು, ಮೇನ್ ಫೋನ್ ಲೈನ್ ರಿಪೇರಿಗೆ ಬಂದ್ ಆಗಿತ್ತು. ಅವರು ತಡವಾಗಿ ನೋಡಿ ಟುಪೊಲೆವ್‌ಗೆ ಇಳಿ ಅಂದ್ರು, ಕೆಲವೇ ಸೆಕೆಂಡಲ್ಲಿ ಅದರ ಡಬ್ಬಿ ಹತ್ತು ಅಂತು, ಕಂಟ್ರೋಲರ್ ಮತ್ತೊಮ್ಮೆ ಇಳಿ ಅಂದ್ರು, ಅವರು ಇಳಿಸಿದ್ರು. ಬೋಯಿಂಗ್‌ನ ಡಬ್ಬಿ ಇಳಿ ಅಂದಿತ್ತು, ಅದೂ ಇಳೀತು. ಡಿಕ್ಕಿ, 71 ಜನ ಸತ್ರು.

ಎರಡು ಡಬ್ಬಿಗಳೂ ತಮ್ಮತಮ್ಮಲ್ಲೇ ಮಾತಾಡ್ಕೊಂಡು ನೀನು ಮೇಲೆ ನಾನು ಕೆಳಗೆ ಅಂತ ಒಪ್ಪಂದ ಮಾಡ್ಕೊಂಡಿರ್ತವೆ, ನೆಲದ ಮೇಲೆ ಕೂತಿರೋ ಕಂಟ್ರೋಲರಿಗೆ ಆ ಒಪ್ಪಂದ ಗೊತ್ತೇ ಇರಲ್ಲ. ಒಬ್ಬ ಮುರಿದ್ರೆ ಇಬ್ಬರೂ ಒಂದೇ ಕಡೆ. ಇದಕ್ಕೂ ಮುಂಚೆ, 2001ರ ಜನವರಿ 31ಕ್ಕೆ ಜಪಾನಲ್ಲೂ ಹೀಗೇ ಆಗಿತ್ತು: ಕಂಟ್ರೋಲರ್ ಫ್ಲೈಟ್ ನಂಬರ್ ಅದಲು ಬದಲು ಮಾಡಿದ್ರು, ಪೈಲಟ್ ಡಬ್ಬಿ ಬಿಟ್ಟು ಅವರ ಮಾತು ಕೇಳಿದ್ರು, ಕೊನೇ ಗಳಿಗೇಲಿ ಕಣ್ಣಿಗೆ ಕಂಡು ತಪ್ಪಿಸೋವಾಗ ನೂರರಷ್ಟು ಜನಕ್ಕೆ ಗಾಯ. ಆ ಪಾಠ ಆಗಲೇ ಎಲ್ಲರಿಗೂ ತಲುಪಿದ್ರೆ ಅನ್ನಿಸುತ್ತೆ ನಂಗೆ ಪ್ರತಿಸಲ. ಈಗ ನಿಯಮ ಸ್ಪಷ್ಟ ಇದೆ, ಆರ್‌ಎ ಬಂದ್ರೆ ಎಟಿಸಿಗೆ "ಟೀಕ್ಯಾಸ್ ಆರ್‌ಎ" ಅನ್ನೋದು, ಅವರು "ರೋಜರ್" ಅಂದು ಸುಮ್ನಿರೋದು, "ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್" ಬಂದ್ಮೇಲೆ ಹಳೇ ದಾರಿಗೆ ವಾಪಸ್.

ನಮ್ಮ ದೇಶದಲ್ಲಿ ಈ ಡಬ್ಬಿ ಕಡ್ಡಾಯ ಆಗಿದ್ದು ಹರಿಯಾಣದ ಚರ್ಖಿ ದಾದ್ರಿ ಅಪಘಾತ ಆದ್ಮೇಲೆ. 1996 ನವೆಂಬರ್ 12, 14,000 ಅಡೀಲಿದ್ದ ಸೌದಿ ಜಂಬೋಗೆ, 15,000ದಲ್ಲೇ ಇರ್ಬೇಕಿದ್ದ ಕಜಕಿಸ್ತಾನದ ಇಲ್ಯೂಷಿನ್ ಇನ್ನೂ ಕೆಳಗಿಳಿದು ಡಿಕ್ಕಿ, 349 ಜನ. ಎರಡರಲ್ಲೂ ಟೀಕ್ಯಾಸ್ ಇರ್ಲಿಲ್ಲ.

ಹಾಗಂತ ಡಬ್ಬಿ ದೇವರಲ್ಲ. ಟ್ರಾನ್ಸ್‌ಪಾಂಡರ್ ಆಫ್ ಇರೋದು ಅದಕ್ಕೆ ಕಾಣಲ್ಲ, ದೇವನಹಳ್ಳಿ ರನ್‌ವೇ ಮೇಲೆ ಸುತ್ತೋ ಹದ್ದು ಕಾಣಲ್ಲ, ವಿಮಾನ ನೆಲದಿಂದ ಸುಮಾರು ಸಾವಿರ ಅಡಿ ಎತ್ತರಕ್ಕಿಂತ ಕೆಳಗಿದ್ರೆ ಅದು ಆರ್‌ಎ ಕೊಡೋದೇ ಇಲ್ಲ. ಎಡಕ್ಕೆ ಬಲಕ್ಕೆ ತಿರುಗು ಅಂತ ಅದು ಹೇಳಲ್ಲ, ಮೇಲೆ ಕೆಳಗೆ ಅಷ್ಟೇ. ಮುಖ್ಯವಾಗಿ ಪೈಲಟ್ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗಲ್ಲ. ನಾನು ಹತ್ತು ಸಾವಿರ ಅಡೀಲಿ ನಿಲ್ಲಿಸ್ತೀನಿ ಅಂತ ದಬದಬ ಇಳೀತಿದ್ರೆ, ಕೆಳಗೆ ಒಂಬತ್ತು ಸಾವಿರದಲ್ಲಿ ಇನ್ನೊಬ್ಬ ಹೋಗ್ತಿದ್ರೆ, ಡಬ್ಬಿಗೆ ಕಾಣೋದು ಇವನು ಹೀಗೇ ಹೋದ್ರೆ ಗುದ್ದುತ್ತಾನೆ ಅಂತ, "ಲೆವೆಲ್ ಆಫ್" ಅಂತ ಕೂಗುತ್ತೆ. ಮೊದಲು ಇದೇ ಜಾಗದಲ್ಲಿ "ಅಡ್ಜಸ್ಟ್ ವರ್ಟಿಕಲ್ ಸ್ಪೀಡ್" ಅಂತಿತ್ತು, ಕೆಲವರು ಅದನ್ನ ಉಲ್ಟಾ ಅರ್ಥ ಮಾಡ್ಕೊಂಡು ಸ್ಪೀಡ್ ಇನ್ನೂ ಜಾಸ್ತಿ ಮಾಡ್ತಿದ್ರು, ಅದಕ್ಕೇ ಟೀಕ್ಯಾಸ್ 7.1 ವರ್ಷನ್‌ನಲ್ಲಿ ಮಾತು ಬದಲಾಯಿಸಿದ್ರು. ಕೊನೇ ಸಾವಿರ ಅಡೀಲಿ ನಿಮಿಷಕ್ಕೆ 1,500 ಅಡಿಗಿಂತ ಕಮ್ಮಿ ಮಾಡ್ಕೊಂಡ್ರೆ ಈ ಥರದ ಕೂಗು ಎಷ್ಟೋ ತಪ್ಪುತ್ತೆ, ಯಲಹಂಕ, ಜಕ್ಕೂರು, ಎಚ್‌ಎಎಲ್ ಏರ್‌ಫೀಲ್ಡೆಲ್ಲಾ ಒತ್ತೊತ್ತಾಗಿರೋ ನಮ್ಮೂರಲ್ಲಂತೂ ಇದನ್ನ ನಾನು ಹಟ ಹಿಡಿದು ಮಾಡಿಸ್ತೀನಿ.

ಅತ್ತಿಗೆ ವಿಮಾನಕ್ಕೂ ಬಹುಶಃ ಆಗಿದ್ದು ಇದೇ. ಅನೌನ್ಸ್‌ಮೆಂಟ್ ವಿಷ್ಯದಲ್ಲಿ ನಾನು ಅವರ ಕಡೆನೇ, ಆರ್‌ಎ ನಡೀತಿರೋವಾಗ ಮೈಕ್ ಮುಟ್ಟೋ ಹಾಗಿಲ್ಲ ನಿಜ, ಆದ್ರೆ ಲ್ಯಾಂಡ್ ಆಗಿ ಗೇಟಿಗೆ ಬಂದ್ಮೇಲೆ ಎರಡು ವಾಕ್ಯ ಹೇಳ್ಬಹುದಿತ್ತು. ಇನ್ನೊಂದೂ ಹೇಳ್ದೆ: ಇಳೀತಿರೋದು ತಟ್ಟನೆ ನಿಂತ್ರೆ ಮೈಗೆ ಮೇಲಕ್ಕೆ ಹೋದ ಹಾಗೇ ಅನ್ಸುತ್ತೆ, ನಿಮ್ಮ ವಿಮಾನ ಮೇಲಕ್ಕೆ ಹೋಗಿರೋದೇ ಡೌಟು ಅತ್ತಿಗೆ, ಸುಮ್ನೆ ಲೆವೆಲ್ ಆಗಿರುತ್ತೆ.

"ನೀನು ಅಲ್ಲಿ ಇದ್ಯಾ?" ಅಂದ್ರು. ಇಲ್ಲ ಅಂದೆ. "ನನ್ನ ಹೊಟ್ಟೆ ಇತ್ತಪ್ಪಾ" ಅಂತ ಫೋನ್ ಇಟ್ರು.